ಕಾಡು ಗುಡಿಸಿದ ಚಿಕ್ಕತಾಯಮ್ಮ

ಭೂಮಿ ಇನ್ನೂ ಹೊಸದಾಗಿದ್ದಾಗ ಎಲ್ಲ ಮಣ್ಣೂ ಕೆಂಪಾಗಿಯೇ ಇತ್ತು. ಅಂಗಳದ್ದೂ ಕೆಂಪು, ಕಾಡಿನದ್ದೂ ಕೆಂಪು. ಮರಗಳು ಆಗ ತಾನೇ ಎಲೆ ಉದುರಿಸಲು ಕಲಿತಿದ್ದವು.

ಕಾಡಿನ ಅಂಚಿನಲ್ಲಿ ಚಿಕ್ಕತಾಯಮ್ಮ ಎಂಬವಳಿದ್ದಳು. ತುಂಬ ಒಳ್ಳೆಯವಳು, ಆದರೆ ಕಸ ಕಂಡರೆ ಮೈಯೆಲ್ಲ ಉರಿ. ಬೆಳಗಾದರೆ ಪೊರಕೆ ಹಿಡಿದು ಅಂಗಳ ಗುಡಿಸುವಳು. ಅಂಗಳ ಮುಗಿದ ಮೇಲಾದರೂ ಕೈ ಸುಮ್ಮನಿರಬೇಕಲ್ಲ? ಕಾಡಿಗೂ ನುಗ್ಗಿ, ಬಿದ್ದ ಎಲೆಯನ್ನೆಲ್ಲ ಗುಡಿಸಿ, ಗುಡ್ಡೆ ಹಾಕಿ ಸುಡುವಳು. ಅತಿಯಾದರೆ ಅಮೃತವೂ ವಿಷ ಎಂದು ಗದರಲು ಲೋಕದಲ್ಲಿ ಇನ್ನೂ ಅತ್ತೆಯರು ಹುಟ್ಟಿರಲಿಲ್ಲ.

ಅವಳು ತನ್ನ ಕೂಸಿನ ಜೋಲಿಯನ್ನು ಒಂದು ಹೊನ್ನೆ ಮರಕ್ಕೆ ಕಟ್ಟಿದ್ದಳು. ಅವಳು ಗುಡಿಸಿದಳು, ಮರ ಸೊರಗಿತು. ಮತ್ತೂ ಗುಡಿಸಿದಳು, ಮತ್ತೂ ಸೊರಗಿತು. ಒಂದು ದಿನ ಬಿಸಿಲು ಬೋಳು ಕೊಂಬೆ ದಾಟಿ ಕೂಸಿನ ಮುಖಕ್ಕೇ ಬಿತ್ತು. ಕೂಸು ಕಿರುಚಿ ಅತ್ತಿತು.

"ಗಾಳಿಯಣ್ಣ, ನನ್ನ ಮರಕ್ಕೆ ಏನಾಯ್ತು?"

"ನಂಗೆಂಗೆ ಗೊತ್ತಾಗಬೇಕು ತಂಗಿ? ನಾನು ಮೇಲೆ ಓಡಾಡೋನು. ಕೆಳಗಿರೋಳನ್ನ ಕೇಳು," ಎಂದಿತು ಗಾಳಿ.

ಚಿಕ್ಕತಾಯಮ್ಮ ನೆಲಕ್ಕೆ ಕಿವಿಯಿಟ್ಟಳು. ಮಣ್ಣಿನ ದನಿ ಬಲು ಸಣ್ಣಗಿತ್ತು.

"ಹಸಿವು ಕಣೆ ಮಗಳೇ. ಮರ ನಂಗೆ ಬಡಿಸ್ತದೆ. ನಾನು ಉಂಡು ಮರಕ್ಕೆ ಉಣ್ಣಿಸ್ತೀನಿ. ನಾನು ಒಂದು ತುತ್ತು ಉಣ್ಣೋದರೊಳಗೆ ನೀನು ಬಂದು ಎಲೆ ಎತ್ತಿಬಿಡ್ತೀಯ."

ಉಣ್ಣುವವರ ಮುಂದಿನಿಂದ ಎಲೆ ಎತ್ತುವುದೇ! ಚಿಕ್ಕತಾಯಮ್ಮನಿಗೆ ನಾಚಿಕೆಯಾಯಿತು, ಅಳುವೂ ಬಂತು.

"ತಪ್ಪಾಯ್ತವ್ವ, ಇನ್ನು ಎತ್ತಲ್ಲ. ಬೇಗ ಉಣ್ಣು, ಕೂಸಿಗೆ ಬಿಸಿಲು."

"ಬೇಗ ಉಣ್ಣಕ್ಕೆ ನಂಗೆ ಬರಲ್ಲ ಮಗಳೇ. ಮಳೆ ನೆನೆಸಬೇಕು, ಗೆದ್ದಲು ಮುರೀಬೇಕು, ಎರೆಹುಳು ಕಲಸಬೇಕು. ನೀನು ಕಾಯಬೇಕು."

ಅವಳು ಕೂಸಿಗೆ ಸೆರಗು ಮರೆ ಮಾಡಿಕೊಂಡು ಕಾದಳು. ವರುಷ ವರುಷ ಎಲೆ ಬಿತ್ತು, ವರುಷ ವರುಷ ಮಣ್ಣು ಉಂಡಿತು. ಪುಟ್ಟಿ, ನೇರಳೆ ಹಣ್ಣು ತಿಂದ ನಿನ್ನ ಬಾಯಿಯ ಹಾಗೆ ಅದು ಮೆಲ್ಲಮೆಲ್ಲಗೆ ಕಪ್ಪಾಯಿತು. ಅಷ್ಟರಲ್ಲಿ ಕೂಸು ಜೋಲಿ ಬಿಟ್ಟು ನಡೆಯಿತು, ಓಡಿತು, ದೊಡ್ಡದಾಗಿ ಮದುವೆಯೂ ಆಯಿತು. ಹೊನ್ನೆಯ ತುಂಬು ನೆರಳು ಸಿಕ್ಕಿದ್ದು ಆ ಕೂಸಿಗಲ್ಲ, ಆ ಕೂಸಿನ ಕೂಸಿಗೆ. ಜೋಲಿ ತೂಗುತ್ತಿದ್ದ ನರೆಗೂದಲ ಚಿಕ್ಕತಾಯಮ್ಮನಿಗೆ ಅದೇ ದೊಡ್ಡ ಸಂತೋಷ.

ಅದಕ್ಕೇ ಪುಟ್ಟಿ, ನಾವು ದಿನವೂ ಗುಡಿಸುವ ಅಂಗಳದ ಮಣ್ಣು ಇಂದಿಗೂ ಕೆಂಪಗೆ, ಗಟ್ಟಿಯಾಗಿದೆ. ಕಾಡಿನಲ್ಲಿ ತರಗೆಲೆ ಸರಿಸಿ ನೋಡು, ಕೆಳಗೆ ಮಣ್ಣು ಕಪ್ಪಗೆ, ಮೆತ್ತಗೆ, ತಣ್ಣಗಿರುತ್ತದೆ. ನೋಡಿದ ಮೇಲೆ ಎಲೆಯನ್ನು ಇದ್ದಲ್ಲೇ ಬಿಟ್ಟು ಬಾ, ಮಣ್ಣಿನ ಊಟ ಇನ್ನೂ ಮುಗಿದಿಲ್ಲ.