ಮಾವ ಕೊಟ್ಟ ಏರ್‌ಗನ್ನು

ಪುಟ್ಟಮಾದಪ್ಪ ದಿನಸಿ ಅಂಗಡಿಯವನು. ಕೆಟ್ಟವನಲ್ಲ, ಆದರೆ ಮಹಾ ಅನುಮಾನದ ಪ್ರಾಣಿ. ಅಂಗಡಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿ ಕೊನೆಯವರೆಗೆ ಹೋಗಿ, ವಾಪಸ್ ಬಂದು ಇನ್ನೊಮ್ಮೆ ಎಳೆದು ನೋಡುತ್ತಿದ್ದ. ಸಾರು ರುಚಿಯಾಗಿದ್ದರೂ, ಇವತ್ತೇನು ವಿಶೇಷ ಎಂದು ಹೆಂಡತಿಯ ಮುಖ ನೋಡುವ ಆಸಾಮಿ.

ಅವನ ಮನೆಯಲ್ಲೊಂದು ಹಳೆಯ ಏರ್‌ಗನ್ನು ಇತ್ತು. ನಳಿಗೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಬಿಗಿಯಾಗುತ್ತದೆ. ಟ್ರಿಗರ್ ಒತ್ತಿದರೆ ಸ್ಪ್ರಿಂಗು ಚಿಮ್ಮಿ, ಗಾಳಿ ನುಗ್ಗಿ, ಸೀಸದ ಗುಂಡು ಹಾರುತ್ತದೆ. ಅದು ಮಾವನ ಸೊತ್ತು. ಅವರು ಸಾಯುವ ಮುಂಚೆ ಸ್ವಂತ ಮಗ ಶಿವನಂಜಪ್ಪನಿಗೆ ಕೊಡದೆ ಅಳಿಯನ ಕೈಗೇ ಕೊಟ್ಟಿದ್ದರು. ಸ್ಪ್ರಿಂಗು ಪರದೇಶದ್ದು, ಗುರುತಿಗೆ ಅದರ ಕೊನೇ ಸುತ್ತಿನ ಮೇಲೆ ಕೆಂಪು ಬಣ್ಣ ಬಳಿದಿದ್ದೇನೆ ಎಂದೂ ಹೇಳಿದ್ದರು. ಮಾಳಿಗೆಯ ಹಪ್ಪಳಕ್ಕೆ ಕೋತಿ ಬಂದರೆ ಪುಟ್ಟಮಾದಪ್ಪ ಗೋಡೆಗೆ ಒಂದು ಹೊಡೆಯುತ್ತಿದ್ದ. ಠಣಾರ್ ಎಂದು ಬೀದಿಗೆಲ್ಲ ಕೇಳುವ ಸದ್ದು. ಆ ಸದ್ದೇ ಬಂದೂಕಿನ ಬಲ ಎಂದು ಅವನ ನಂಬಿಕೆ.

ಒಂದು ಸಲ ಶಿವನಂಜಪ್ಪ, ನಮ್ಮನೇಲೂ ಕೋತಿ ಕಾಟ ಎಂದು ಬಂದೂಕು ಕೇಳಿ ಒಯ್ದ. ವಾರ ಬಿಟ್ಟು, ಎಣ್ಣೆ ಹಚ್ಚಿ ಒರೆಸಿ, ಬಟ್ಟೆ ಸುತ್ತಿ ತಂದುಕೊಟ್ಟ. ಮಾರನೇ ದಿನ ಕೋತಿ ಬಂತು, ಪುಟ್ಟಮಾದಪ್ಪ ಹೊಡೆದ. ಟಪ್ ಎಂದಿತು, ಅಷ್ಟೇ. ಕೋತಿ ಹಪ್ಪಳ ಹಿಡಿದುಕೊಂಡೇ ಅವನ ಕಡೆ ತಿರುಗಿ ನೋಡಿತು.

ಹೊಕ್ಕಿತಲ್ಲಪ್ಪ ಅನುಮಾನದ ಹುಳ! ಅಪ್ಪನ ಬಂದೂಕು ಅಳಿಯನ ಪಾಲಾಯಿತು ಅಂತ ಇವನಿಗೆ ಹೊಟ್ಟೆಕಿಚ್ಚು ಇಲ್ಲದೆ ಇರುತ್ತದೆಯೇ? ಒಳ್ಳೇ ಸ್ಪ್ರಿಂಗು ಎತ್ತಿಕೊಂಡು ಯಾವುದೋ ಗುಜರಿಯದ್ದನ್ನು ತುರುಕಿದ್ದಾನೆ. ಇಲ್ಲದಿದ್ದರೆ ಒರೆಸಿ, ಬಟ್ಟೆ ಸುತ್ತಿ ಕೊಡುವ ಉಪಚಾರ ಯಾಕೆ? ಎರವಲು ತಂದದ್ದನ್ನು ಯಾರು ಹಾಗೆ ಕೊಡುತ್ತಾರೆ?

ಹೆಂಡತಿ ಗುರುಸಿದ್ದಮ್ಮನ ಹತ್ತಿರ ಇದನ್ನು ಹೇಳಿದ. ಅವಳ ಮುಖ ಬಾಡಿತು.

"ಅಪ್ಪ ಅಮ್ಮ ಹೋದ್ಮೇಲೆ ನಂಗೆ ತವರು ಅಂತ ಉಳಿದಿರೋನು ಅವನೊಬ್ಬನೇ. ಬಂದೂಕು ಬೇಕಾದ್ರೆ ಹೊಳೆಗೆ ಎಸೀರಿ, ನನ್ನ ತಮ್ಮನ್ನ ಮಾತ್ರ ಕಳ್ಳ ಅನ್ಬೇಡಿ" ಎಂದಳು.

ಇವಳಿಗೂ ಮೊದಲೇ ಗೊತ್ತಿತ್ತೋ ಏನೋ ಎಂದು ಅವನಿಗೆ ಇನ್ನೊಂದು ಅನುಮಾನ ಹುಟ್ಟಿತು.

ಭಾನುವಾರ ನಡುಮನೆಯಲ್ಲಿ ಹಳೇ ಪಂಚೆ ಹಾಸಿ, ತಿರುಪುಳಿ, ಸುತ್ತಿಗೆ ಇಟ್ಟುಕೊಂಡು ಕೂತ. ಮರದ ಹಿಡಿ ಬಿಚ್ಚಿದ್ದಷ್ಟೇ, ಶಿವನಂಜಪ್ಪ ಅಕ್ಕನಿಗೆಂದು ಬಾಳೆಹಣ್ಣು ಹಿಡಿದು ಬಂದ. ನೋಡಿದವನೇ ಗಾಬರಿಯಾದ. ಸ್ಪ್ರಿಂಗು ಒಳಗೆ ಅದುಮಿಕೊಂಡು ಕೂತಿರುತ್ತದೆ, ಕ್ಲಾಂಪಿನಲ್ಲಿ ಹಿಡಿದು ನಿಧಾನಕ್ಕೆ ಸಡಿಲಿಸಬೇಕು, ಅದನ್ನು ತಡೆದಿರುವ ಪಿನ್ನು ಬರಿಗೈಲಿ ತೆಗೆದರೆ ಕಣ್ಣು ಹೋಗುತ್ತದೆ, ಕ್ಲಾಂಪು ಮನೆಯಲ್ಲಿದೆ, ತರುತ್ತೇನೆ ಎಂದ. ಅಥವಾ ಬಿಚ್ಚುವುದೇ ಬೇಡ, ಒಂದು ಬಟ್ಟೆ ಸೋಪಿಗೆ ಹೊಡೆದು ನೋಡಿ, ಬಲ ಎಷ್ಟಿದೆ ಗೊತ್ತಾಗುತ್ತದೆ ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡ ಪುಟ್ಟಮಾದಪ್ಪ. ಬಿಚ್ಚಬೇಡ ಅನ್ನುತ್ತಾನೆ ಅಂದರೆ ಒಳಗೆ ಏನೋ ಇದೆ.

"ಕ್ಲಾಂಪು ತರೋಕ್ಕೆ ಹೋಗ್ತೀಯೋ, ಕದ್ದಿರೋ ಸ್ಪ್ರಿಂಗು ತರೋಕ್ಕೆ ಹೋಗ್ತೀಯೋ?" ಎಂದುಬಿಟ್ಟ.

ಶಿವನಂಜಪ್ಪ ಹಣ್ಣನ್ನು ಹೊಸ್ತಿಲ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡ. ಗುರುಸಿದ್ದಮ್ಮ ಬಾಗಿಲಿಗೆ ಓಡಿ ಬಂದು ಕೂಗಿದರೂ ತಿರುಗಲಿಲ್ಲ.

ಪುಟ್ಟಮಾದಪ್ಪ ಪಿನ್ನಿಗೆ ಸುತ್ತಿಗೆಯಲ್ಲಿ ಒಂದೇಟು ಕೊಟ್ಟ. ಢಮ್! ಹಿಂದಿನ ಕಬ್ಬಿಣದ ಮುಚ್ಚಳ ಅವನ ಕಿವಿ ಸವರಿಕೊಂಡು ಹೋಗಿ ಗೋಡೆಯ ಕನ್ನಡಿಯನ್ನು ಪುಡಿ ಮಾಡಿತು. ಹೆಬ್ಬೆಟ್ಟಿನ ಉಗುರು ಕಿತ್ತು ರಕ್ತ ಬಂತು. ಸ್ಪ್ರಿಂಗು ಮಂಚದ ಕೆಳಗೆ ಹಾರಿತು. ರಕ್ತ ಒರೆಸಿಕೊಳ್ಳುವಷ್ಟೂ ತಾಳ್ಮೆಯಿಲ್ಲದೆ ಆಸಾಮಿ ಮಂಚದಡಿ ತೆವಳಿದ. ಎಳೆದು ನೋಡಿದರೆ ಕೊನೇ ಸುತ್ತಿನಲ್ಲಿ ಕೆಂಪು ಬಣ್ಣ.

ಆಗಲಾದರೂ ಬುದ್ಧಿ ಬಂತೇ? ಇಲ್ಲ. ಬಣ್ಣವನ್ನೂ ಅವನೇ ಬಳಿದಿರಬಹುದು ಎಂದು ಕೆರೆದು ನೋಡಿದ. ಹಳೇ ಬಣ್ಣ, ಹಕ್ಕಳೆ ಎದ್ದಿತ್ತು. ಹಾಗಾದರೆ ಬೇರೆ ಏನೋ ಕದ್ದಿರಬೇಕು ಎಂದು ಒಳಗೆ ಗಾಳಿ ತಳ್ಳುವ ಪಿಸ್ಟನ್ನು ಹಿಡಿದು ಜಗ್ಗಿದ. ಅದರ ತಲೆಯಲ್ಲಿದ್ದ ಚರ್ಮದ ವಾಷರು ಕೊಳವೆಯ ಚೂಪು ಅಂಚಿಗೆ ಸಿಕ್ಕಿ ಹರಿದೇ ಹೋಯಿತು. ಮೆತ್ತಗಿನ ಹೊಸಾ ಚರ್ಮ. ಕೊಳವೆಯೊಳಗೆಲ್ಲ ಹೊಸಾ ಗ್ರೀಸು. ಸ್ಪ್ರಿಂಗು ಅಲುಗಾಡದಂತೆ ಸುತ್ತ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಬೇರೆ. ತೆಗೆದದ್ದು ಒಂದೂ ಇಲ್ಲ, ಹಾಕಿದ್ದೇ ಎಲ್ಲ. ಪುಟ್ಟಮಾದಪ್ಪ ಇಂಗು ತಿಂದ ಮಂಗನ ಹಾಗೆ ಕೂತ.

ಗುರುಸಿದ್ದಮ್ಮ ಅವನ ಹತ್ತಿರ ಮಾತು ಬಿಟ್ಟಳು, ಊಟವನ್ನೂ ಬಿಟ್ಟಳು. ಮಾರನೇ ದಿನ ಅವನು ಬಿಡಿಭಾಗಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಭಾವಮೈದುನನ ಮನೆಗೆ ಹೋದ.

ಶಿವನಂಜಪ್ಪ ಒಂದೂ ಕೆಟ್ಟ ಮಾತು ಆಡಲಿಲ್ಲ. ಅಪ್ಪನ ಕಾಲದ ವಾಷರು ಒಣಗಿತ್ತು, ಸ್ಪ್ರಿಂಗು ಲೊಡಬಡ ಅನ್ನುತ್ತಿತ್ತು, ಆ ಠಣಾರ್ ಅನ್ನೋದು ರೋಗದ ಸದ್ದು, ಹೇಳಿದರೆ ನಿಮಗೆ ಬೇಜಾರಾದೀತು ಅಂತ ಸುಮ್ಮನೆ ಸರಿಮಾಡಿದೆ ಎಂದ. ಹೊಸ ಚರ್ಮ ಕತ್ತರಿಸಿದ. ಒಂದೊಂದು ಭಾಗವನ್ನೂ ಒಳಗೆ ಸೇರಿಸುವ ಮುಂಚೆ ಭಾವನ ಮುಂದೆ ಹಿಡಿದು, ನೋಡ್ಕೊಳ್ಳಿ ಎಂದ. ಪುಟ್ಟಮಾದಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕ್ಲಾಂಪು ಬಿಗಿದು ಜೋಡಿಸಿ ಸೋಪಿಗೆ ಹೊಡೆದರೆ ಟಪ್ ಎಂದಿತು, ಗುಂಡು ಈ ಕಡೆಯಿಂದ ಆ ಕಡೆಗೆ ತೂರಿತ್ತು.

"ತಪ್ಪಾಯ್ತು ಕಣೋ ನಂಜ. ನಿಮ್ಮಕ್ಕ ಊಟ ಬಿಟ್ಟವಳೆ. ಮನೆಗೆ ಬಾ" ಎಂದ ಪುಟ್ಟಮಾದಪ್ಪ.

ಶಿವನಂಜಪ್ಪ ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ ಹೇಳಿದ: "ಬರ್ತೀನಿ ಭಾವ. ಅಕ್ಕನ ಮನೆಗೆ ಬರದೆ ಇರ್ತೀನಾ? ಆದ್ರೆ ವಾಪಸ್ ಹೊರಡೋವಾಗ ನನ್ನ ಚೀಲ ನೋಡಿ ಕಳಿಸಿ."

ನೀತಿ: ಅನುಮಾನ ಬಂದರೆ ಮೊದಲು ಬಾಯಿಬಿಟ್ಟು ಕೇಳಬೇಕು, ಆಮೇಲೆ ಮಿಕ್ಕಿದ್ದು. ಬಿಚ್ಚಿದ ಬಂದೂಕನ್ನು ಮತ್ತೆ ಜೋಡಿಸಬಹುದು; ಕಳ್ಳ ಅನ್ನಿಸಿಕೊಂಡ ನಂಬಿಗಸ್ತನ ಮನಸ್ಸು ಮೊದಲಿನಂತೆ ಕೂಡುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.