ಬಾಳವ್ವನ ದೀಪದ ಗೂಡು

ಯುದ್ಧದಲ್ಲಿ ಮಣಿಹಾಳ ಪಟ್ಟಣ ಸುಟ್ಟು ಬೂದಿಯಾಯಿತು. ಗೆದ್ದದ್ದೇನೋ ಅಲ್ಲಿಯ ರಾಜನೇ, ಆದರೆ ಊರು ಉಳಿಯಲಿಲ್ಲ. ಅದರ ನೆನಪಿಗೆಂದು ಒಂದೇ ಬಂಡೆಯಲ್ಲಿ ಇಡೀ ಊರನ್ನು ಕಡೆಯುವಂತೆ ರಾಜ ಶಿಲ್ಪಿ ನಾಗೋಜನಿಗೆ ಹೇಳಿದ.

ನಾಗೋಜ ಅದೇ ಊರಿನವನು. ಮೂರು ವರ್ಷ ಕೂತು ಅರಮನೆ, ಗೋಪುರ, ಕೋಟೆ ಬಾಗಿಲು, ದೊಡ್ಡ ಬೀದಿಗಳನ್ನೆಲ್ಲ ಕಡೆದ. ಮುಂಭಾಗದಲ್ಲಿ ಮೊಳದಗಲ ಜಾಗ ಬಿಟ್ಟಿದ್ದ. ಅಲ್ಲಿ ರಾಜನ ಬಿರುದುಗಳನ್ನು ಕೊರೆಯಬೇಕಿತ್ತು.

ಅಳಿದುಳಿದ ಜನ ನೋಡಲು ಬಂದರು. ಬೆರಳಿಟ್ಟು ತಮ್ಮ ತಮ್ಮ ಬೀದಿ ಹುಡುಕಿ ಅತ್ತರು. ಬಾಳವ್ವ ಎಂಬ ಮುದುಕಿ ಮಾತ್ರ ಕಲ್ಲನ್ನು ಮೂರು ಸಲ ಸುತ್ತಿ ಬಂದು ಕೇಳಿದಳು: "ಯಪ್ಪಾ, ನಮ್ಮ ಬಣ್ಣಗಾರರ ಓಣಿ ಎಲ್ಲೈತಿ?"

ನಾಗೋಜನ ಕೈಯ ಉಳಿ ನಿಂತಿತು. ಅದು ಮಣ್ಣಿನ ಮನೆಗಳ ಓಣಿ. ಅವನು ಉಡುತ್ತಿದ್ದ ಬಟ್ಟೆಗೆ ಬಣ್ಣ ಬರುತ್ತಿದ್ದದ್ದು ಅಲ್ಲಿಂದಲೇ, ಆದರೆ ಒಂದು ದಿನವೂ ಅತ್ತ ಕಾಲಿಟ್ಟವನಲ್ಲ. ಮರೆತೆ ಎನ್ನೋಣವೆಂದರೆ, ಮೊದಲು ನೋಡಿರಬೇಕಲ್ಲ.

"ನಿಮ್ಮ ಮನಿ ಹೆಂಗಿತ್ತವ್ವಾ?" ಎಂದು ತಲೆ ತಗ್ಗಿಸಿ ಕೇಳಿದ.

"ಏನಿತ್ತಪ್ಪಾ, ಬಾಗಿಲ ಮಗ್ಗಲಕ ಒಂದು ದೀಪದ ಗೂಡು. ಸಂಜಿಗೆ ಹಚ್ಚೂದು, ರಾತ್ರಿ ಎಲ್ಲಾರಕಿಂತ ಕಡೀಕ ಮನಿಗೆ ಬಂದವರು ಅದನ್ನ ಆರಿಸಿ ಶಾಂತ ಮಾಡೂದು. ನಮ್ಮ ಓಣಿ ಪದ್ಧತಿ ಅದು. ಅವತ್ತು ನಮ್ಮ ಮನಿಯವರು ನೂಲು ತೊಳಿಯಾಕ ಹೊಳಿಗೆ ಹೋಗಿದ್ರು. ವೈರಿಗಳು ಬಂದ್ರು. ಹಚ್ಚಿದ ದೀಪ ಹಂಗ ಬಿಟ್ಟು ಓಡಿದೆ."

ಮರುದಿನವೇ ರಾಜ ಬರುವವನಿದ್ದ. ಕಲ್ಲಿನಲ್ಲಿ ಉಳಿದದ್ದು ಬಿರುದಿನ ಜಾಗವೊಂದೇ. ಅದನ್ನು ಮುಟ್ಟಿದರೆ ತನ್ನ ತಲೆ ಉಳಿಯುವುದು ಅನುಮಾನವೆಂದು ನಾಗೋಜನಿಗೆ ಗೊತ್ತಿತ್ತು. ಆದರೂ ಅಲ್ಲಿಯೇ ಒಂದು ಗೂಡು ಕೊರೆದ. ಬಾಳವ್ವ ಎಣ್ಣೆ ತಂದು ದೀಪ ಹಚ್ಚಿದಳು.

ರಾಜ ಬಂದವನೇ ಹುಬ್ಬು ಗಂಟಿಕ್ಕಿದ. "ನನ್ನ ಬಿರುದುಗಳೆಲ್ಲಿ? ಹಾಡಹಗಲಲ್ಲಿ ಈ ದೀಪವೇಕೆ? ಮೊದಲು ಅದನ್ನು ಆರಿಸಿ."

ನಾಗೋಜ ಬಾಯಿ ತೆರೆಯುವ ಮೊದಲೇ ಬಾಳವ್ವ ಕೈಮುಗಿದಳು. "ಅದನ್ನ ಕಡೀಕ ಬಂದವರು ಶಾಂತ ಮಾಡಬೇಕ್ರಿ ದೊರಿ. ನಮ್ಮ ಮನಿಯವರು ಇನ್ನೂ ಬಂದಿಲ್ಲ."

ಆ ಯುದ್ಧ ಶುರು ಮಾಡಿದವನು ತಾನೇ ಎಂಬುದು ರಾಜನಿಗೆ ನೆನಪಾಯಿತು. ಬಿರುದಿನ ಮಾತೆತ್ತದೆ ತಿರುಗಿ ಹೋದ.

ಬಾಳವ್ವ ಬದುಕಿರುವವರೆಗೆ ದಿನವೂ ಎಣ್ಣೆ ಹಾಕಿದಳು. ಅವಳ ಗಂಡ ಬರಲಿಲ್ಲ. ಅವಳು ಹೋದ ಮೇಲೆ ಅಳಿದುಳಿದ ಊರಿನವರ ಮಕ್ಕಳು ಮೊಮ್ಮಕ್ಕಳು ಹಾಕುತ್ತಿದ್ದಾರೆ. ಆ ದೀಪವನ್ನು ಶಾಂತ ಮಾಡಲು ಇವತ್ತಿಗೂ ಯಾರಿಗೂ ಮನಸ್ಸು ಬಂದಿಲ್ಲ.

ನೀತಿ: ಹಾಳಾದ ಊರನ್ನು ನೆನೆಯುವಾಗ ಗೋಪುರಗಳ ಜೊತೆಗೆ ಮಣ್ಣಿನ ಮನೆಗಳನ್ನೂ ನೆನೆಯಬೇಕು. ಗೆದ್ದವರ ಹೆಸರು ಕೊರೆಯುವ ಮೊದಲು, ಮನೆಗೆ ಬಾರದವರಿಗೆ ಜಾಗ ಬಿಡಬೇಕು.