ಕೆಂಚನದುರ್ಗದ ಮೂಕಬಂಡೆ

ಕೆಂಚನದುರ್ಗದ ಹಾಳುಕೋಟೆಯ ಹಿಂಬಾಗಿಲು ದಾಟಿದರೆ ಎದುರಿಗೇ ನಾಲ್ಕಾನೆ ಎತ್ತರದ ಕರಿಬಂಡೆಯೊಂದು ಗೋಡೆಯಂತೆ ನಿಂತಿದೆ. ಅಂಥ ಬಂಡೆಯ ಮುಂದೆ ಕೂಗಿದರೆ ಮಾರ್ದನಿ ಬರಲೇಬೇಕು. ಇಲ್ಲಿ ಬರುವುದಿಲ್ಲ. ಪಟ್ಟಣದಿಂದ ಬಂದ ಹುಡುಗರು ಗಂಟಲು ಹರಿಯುವಂತೆ ಅರಚಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹತ್ತಿದ್ದಕ್ಕಿಂತ ಬೇಗ ಇಳಿದುಬಿಡುತ್ತಾರೆ. ಇದರ ಹೆಸರು ಮೂಕಬಂಡೆ. ಆದರೆ ಇದು ಹುಟ್ಟಿನಿಂದ ಮೂಕವಲ್ಲ ಎನ್ನುತ್ತಾರೆ.

ಹಿಂದೆ ಕೆಂಚನದುರ್ಗ ಹನ್ನೆರಡು ಹಳ್ಳಿಗಳ ಪುಟ್ಟ ಪಾಳೆಯಪಟ್ಟಾಗಿದ್ದಾಗ, ನಾಯಕರಿಗೆ ಪಟ್ಟವಾಗುತ್ತಿದ್ದುದು ಈ ಬಂಡೆಯ ಮುಂದೆಯೇ. ಮನೆತನಗಳ ವಂಶಾವಳಿಯನ್ನು ಬಾಯಲ್ಲೇ ಕಾಪಾಡಿಕೊಂಡು ಬಂದ ಹೆಳವ ಎತ್ತಿನ ಮೇಲೆ ಬಂದಿಳಿದು, ಬಂಡೆಯತ್ತ ಮುಖಮಾಡಿ, ಗತಿಸಿದ ನಾಯಕರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಿದ್ದ. ಪ್ರತಿ ಹೆಸರಿಗೂ ಕಲ್ಲಿನೊಳಗಿಂದ ‘ಓ’ ಎಂಬ ಉತ್ತರ ಬರುತ್ತಿತ್ತು. ಒಬ್ಬೊಬ್ಬರದು ಒಂದೊಂದು ದನಿ. ಕಡೆಗೆ ಅವನು ಬಂಡೆಗೆ ಬೆನ್ನು ತಿರುಗಿಸಿ ಹೊಸ ನಾಯಕನನ್ನು ಕರೆಯಬೇಕು. ಬದುಕಿರುವವನು ತನ್ನ ಬಾಯಿಂದಲೇ ಓಗೊಡಬೇಕು. ಆಮೇಲೆ ತಿಲಕ.

ಒಮ್ಮೆ ಇಲ್ಲಿಯ ನಾಯಕ ಕಾಳಗದಲ್ಲಿ ಮಡಿದ. ಅವನ ಹೆಂಡತಿ ಹೊನ್ನಾಜಮ್ಮಣ್ಣಿಗೆ ಉಳಿದವನು ಒಬ್ಬನೇ ಮಗ, ಚನ್ನರಂಗ. ಪಟ್ಟಕ್ಕೆ ಹನ್ನೆರಡು ದಿನವಿರುವಾಗ ಜ್ವರ ಬಂದು ಅವನೂ ಹೋದ. ದಾಯಾದಿ ಭೈರನಾಯಕ ಊರಾಚೆ ದಂಡು ಇಳಿಸಿಕೊಂಡು ಇಂಥದ್ದಕ್ಕೇ ಕಾದಿದ್ದ. ಅವನು ಹೊಕ್ಕ ಊರುಗಳಲ್ಲಿ ಒಲೆ ಹೊತ್ತಿಸಲು ಒಬ್ಬ ಹೆಂಗಸೂ ಉಳಿಯುತ್ತಿರಲಿಲ್ಲ. ಹೊನ್ನಾಜಮ್ಮಣ್ಣಿ ಅಳಲಿಲ್ಲ. ಮಗನನ್ನು ಅಂತಃಪುರದ ಹಿತ್ತಿಲಲ್ಲೇ ಗುಟ್ಟಾಗಿ ಹೂಳಿಸಿ, ದಾಸಿ ಈರಮ್ಮನ ಮಗನಿಗೆ ಅವನ ಅಂಗಿ ತೊಡಿಸಿದಳು. ಏಳು ವರ್ಷ ತುಂಬುವ ತನಕ ಕುಮಾರನನ್ನು ಹೊರಗಿನವರ ಕಣ್ಣಿಗೆ ಬೀಳಿಸದ ಪದ್ಧತಿಯಿದ್ದುದರಿಂದ ಯಾರಿಗೂ ಗುರುತು ಹತ್ತಲಿಲ್ಲ.

ಪಟ್ಟದ ಬೆಳಗ್ಗೆ ಬಂದವನು ಹೆಳವರ ಸಂಕಪ್ಪ. ಎಂಬತ್ತು ದಾಟಿದ ಮುದುಕ. ಹೆಸರುಗಳ ಓಟದಲ್ಲಿ ಮೈಮರೆತು, ತಿರುಗಬೇಕೆಂಬುದನ್ನೇ ಮರೆತು, ಬಂಡೆಯ ಕಡೆಗೇ “ಚನ್ನರಂಗ ನಾಯಕಾ” ಎಂದುಬಿಟ್ಟ. ಹುಡುಗ ಬಾಯಿ ತೆರೆಯುವ ಮೊದಲೇ ಕಲ್ಲಿನೊಳಗಿಂದ ‘ಓ’ ಎಂದಿತು. ಎಳೆಯ ದನಿ. ಹಾಲುಹಲ್ಲು ಬಿದ್ದ ಸಂದಿಯಿಂದ ಗಾಳಿ ಸೋರುವ ದನಿ. ಪಟ್ಟ ನೋಡಲು ಬಂದು ನೆರೆದವರ ನಡುವೆ ನಿಂತಿದ್ದ ಭೈರನಾಯಕ ಕತ್ತಿಯ ಹಿಡಿಗೆ ಕೈ ಹಾಕಿದ. “ಇನ್ನೊಂದ್ಸಲ ಕರಿಯೋ ಮುದುಕಾ, ಬಂಡೆ ಕಡೀಗೇ ಕರಿ. ಸತ್ತೋರ್ಯಾರು, ಬದುಕಿರೋರ್ಯಾರು, ನೋಡೇಬಿಡಾನ.”

ಹೊನ್ನಾಜಮ್ಮಣ್ಣಿ ಬಂಡೆಯತ್ತ ತಿರುಗಿದಳು. ಹನ್ನೆರಡು ದಿನದಿಂದ ಕೇಳದ ದನಿ, ಕೈಯಳತೆಯಲ್ಲಿ. ಪಕ್ಕದಲ್ಲಿ ಈರಮ್ಮನ ಮಗ ಅವಳ ಸೆರಗು ಹಿಡಿದು ನಿಂತಿದ್ದ. ಇನ್ನೊಮ್ಮೆ ಆ ಉತ್ತರ ಬಂದರೆ ಮೊದಲು ಉರುಳುವುದು ಆ ಮಗುವಿನ ತಲೆ. ಹಿರಿಯರಿಗೆ ನಮಸ್ಕರಿಸುವವಳಂತೆ ಅವಳು ಮುಂದೆ ಹೋಗಿ ಕಲ್ಲಿಗೆ ಕೆನ್ನೆ ಇಟ್ಟಳು. ಜ್ವರದ ಹಣೆಯಂತೆ ಸುಡುತ್ತಿತ್ತು. “ಸುಮ್ನಿರು ಮಗಾ,” ಎಂದು ಪಿಸುಗುಟ್ಟಿದಳು. “ಇನ್ನು ಮಾತಾಡಬ್ಯಾಡ.”

ಸಂಕಪ್ಪ ಮತ್ತೆ ಕರೆದ. ಬಂಡೆ ಉಸಿರೆತ್ತಲಿಲ್ಲ. ಸೆರಗಿನ ಮರೆಯ ಹುಡುಗ ಅಳುಕುತ್ತಾ ‘ಓ’ ಎಂದ. ತಿಲಕವಾಯಿತು, ಭೈರನಾಯಕ ಹಲ್ಲು ಕಡಿಯುತ್ತಾ ದಂಡು ಹಿಂದೆಗೆದ. ಈರಮ್ಮನ ಮಗನ ವಂಶ ಐದು ತಲೆಮಾರು ಆಳಿತಂತೆ. ಆದರೆ ಅಂದಿನಿಂದ ಯಾವ ಹೆಳವ ಕರೆದರೂ ಯಾವ ಹಿರಿಯನೂ ಓಗೊಡಲಿಲ್ಲ. ಹೊನ್ನಾಜಮ್ಮಣ್ಣಿ ಮಾತ್ರ ಸಾಯುವತನಕ ದಿನಾ ಬಂದು, “ಈಗ ಮಾತಾಡೋ ಕಂದಾ, ಅವರೆಲ್ಲ ಹೋದರು” ಎಂದು ಗೋಗರೆಯುತ್ತಿದ್ದಳು. ‘ಇನ್ನು ಮಾತಾಡಬ್ಯಾಡ’ ಎಂದ ತಾಯಿಯ ಮಾತು ಮೀರಿ ಗೊತ್ತಿಲ್ಲದ ಮಗ ಅವನು.

ಇಂದಿಗೂ ಎಳೆಮಕ್ಕಳನ್ನು ಎತ್ತಿಕೊಂಡು ಇಲ್ಲಿಗೆ ಬರುವ ಹೆಂಗಸರನ್ನು ನೋಡಬಹುದು. ಬಂಡೆಯ ಮುಂದೆ ಮಗು ಎಷ್ಟೇ ರಚ್ಚೆ ಹಿಡಿಯಲಿ, ‘ಸುಮ್ಮನಿರು’ ಎಂದು ಯಾರೂ ಗದರುವುದಿಲ್ಲ. ಅತ್ತಷ್ಟೂ ಅಳಲಿ ಎಂದು ಎದೆಗೊತ್ತಿಕೊಂಡು ನಿಲ್ಲುತ್ತಾರೆ.